ಲೇಖಕನೋ, ದಲ್ಲಾಳಿಯೋ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ದನಗಳ ಜಾತ್ರೆಯನ್ನು ಕಂಡವರಿಗೆ ಅಲ್ಲಿಯ ದಲ್ಲಾಳಿಯ ಪರಿಚಯ ಇದ್ದೇ ಇರುತ್ತದೆ. ಕೊಳ್ಳುವವನ ಕೈಯನ್ನು ತನ್ನ ಟವೆಲಿನ ಮರೆಗೆ ಎಳೆದುಕೊಂಡು, ಬೆರಳುಗಳನ್ನು ಹಿಡಿದು ಒತ್ತಿ, ಬಾಯಿಂದ ಒಂದು ಅಂಕಿಯನ್ನೂ ಆಡದೆ ಎತ್ತಿನ ಬೆಲೆಯನ್ನು ಗೊತ್ತುಮಾಡುವ ಅವನ ಚಾತುರ್ಯ ನೋಡತಕ್ಕದ್ದೇ ಸರಿ. ವ್ಯಾಪಾರ ಕುದುರಿದರೆ ಅವನಿಗೆ ಇಷ್ಟೆಂದು ದಲ್ಲಾಳಿ ಸಲ್ಲುತ್ತದೆ. ಕುದುರದಿದ್ದರೆ ದಿನವೆಲ್ಲ ಬಿಸಿಲಿನಲ್ಲಿ ನಿಂತದ್ದಕ್ಕೆ ಏನೂ ಇಲ್ಲ. ಬೆಲೆಯು ಬಟ್ಟೆಯ ಮರೆಯಲ್ಲಿದ್ದರೂ ಒಂದು ವಿಷಯ ಮಾತ್ರ ಬಯಲಿನಲ್ಲಿಯೇ ಇರುತ್ತದೆ: ಅವನು ದಲ್ಲಾಳಿ ಎಂಬುದು. ರೈತನು ಅವನ ಮಾತಿಗೆ ಕಿವಿಗೊಡುತ್ತಾನೆ. ಆದರೆ ಎತ್ತಿನ ಹಲ್ಲನ್ನು ತಾನೇ ನೋಡಿಕೊಳ್ಳುತ್ತಾನೆ.

ಈ ಪುರಾತನ ಕಸುಬು ಈಗ ಜಾತ್ರೆಯ ಬಯಲನ್ನು ದಾಟಿ ನಮ್ಮ ಕಿಸೆಯ ಮೊಬೈಲಿನೊಳಕ್ಕೆ ಬಂದಿದೆ. ಅದರ ಹೊಸ ಹೆಸರು ಅಫಿಲಿಯೇಟ್ ಮಾರ್ಕೆಟಿಂಗ್. ಅಂತರ್ಜಾಲದಲ್ಲಿ ಲೇಖನ ಬರೆದು, ಅದರ ನಡುವೆ ಯಾವುದೋ ಅಂಗಡಿಯ ಸರಕಿಗೆ ಲಿಂಕ್ ಕೊಟ್ಟು, ಓದುಗನು ಆ ಲಿಂಕಿನ ಮೂಲಕ ಸರಕನ್ನು ಕೊಂಡರೆ ಅಂಗಡಿಯಿಂದ ಕಮಿಷನ್ ಪಡೆಯುವುದೇ ಈ ಕಸುಬು. ಮನೆಯಲ್ಲಿಯೇ ಕುಳಿತು ಬರೆದು ತಿಂಗಳಿಗೆ ಸಾವಿರಾರು ರೂಪಾಯಿ ಸಂಪಾದಿಸಬಹುದೆಂಬ ಪ್ರಚಾರವನ್ನು ನಮ್ಮಲ್ಲಿ ನೋಡದವರು ವಿರಳ. ಬಸ್ ಪಾಸಿಗೂ ಪರೀಕ್ಷಾ ಶುಲ್ಕಕ್ಕೂ ಮನೆಯತ್ತ ನೋಡಬೇಕಾದ ನಮ್ಮಂಥವರಿಗೆ ಆ ಮಾತು ಆಕರ್ಷಕವಾಗಿ ಕಂಡರೆ ತಪ್ಪೇನು? ನಾನೂ ಒಂದು ವರ್ಷಕಾಲ ಈ ಕೆಲಸವನ್ನು ಮಾಡಿದೆ. ಅದರ ಪದ್ಧತಿಯೇನು, ಲಾಭವೆಷ್ಟು, ತೊಡಕು ಎಲ್ಲಿದೆ ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪದ್ಧತಿಯನ್ನು ತಿಳಿಯೋಣ. ಬರೆಯುವವನು ಮಾರಾಟ ಸಂಸ್ಥೆಯಲ್ಲಿ ಹೆಸರನ್ನು ನೋಂದಾಯಿಸಿಕೊಂಡಾಗ ಅವನಿಗೆ ಒಂದು ಗುರುತಿನ ಸಂಕೇತ ದೊರೆಯುತ್ತದೆ. ಅವನು ಕೊಡುವ ಪ್ರತಿಯೊಂದು ಲಿಂಕಿನ ಬಾಲದಲ್ಲಿಯೂ ಆ ಸಂಕೇತ ಅಂಟಿಕೊಂಡಿರುತ್ತದೆ. ಓದುಗನು ಲಿಂಕನ್ನು ಒತ್ತಿದೊಡನೆ ಅಂಗಡಿಯ ಜಾಲತಾಣವು ಅವನ ಮೊಬೈಲಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ ‘ಕುಕಿ’ ಎಂಬ ಸಣ್ಣ ಗುರುತನ್ನು ಇಟ್ಟುಬಿಡುತ್ತದೆ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮೊಂಟುಲಿ ಎಂಬ ತಂತ್ರಜ್ಞರು 1994ರಲ್ಲಿ ರೂಪಿಸಿದ ಉಪಾಯ ಇದು. ಈ ಓದುಗನನ್ನು ಕಳುಹಿಸಿದವನು ಯಾರೆಂಬುದನ್ನು ಅಂಗಡಿಯು ಅದರಿಂದ ಅರಿಯುತ್ತದೆ. ಗುರುತಿಗೆ ಆಯುಷ್ಯವೂ ಉಂಟು. ಅಮೆಜಾನಿನಲ್ಲಿ ಅದು ಸಾಮಾನ್ಯವಾಗಿ 24 ಗಂಟೆ. ಅಷ್ಟರೊಳಗೆ ಓದುಗನು ಬೇರೆ ಸರಕನ್ನು ಕೊಂಡರೂ ಬಹುಮಟ್ಟಿಗೆ ಕಮಿಷನ್ ಸಲ್ಲುತ್ತದೆ. ನಡುವೆ ಇನ್ನೊಬ್ಬ ಲೇಖಕನ ಲಿಂಕನ್ನು ಒತ್ತಿ ಕೊಂಡರೆ ಸಾಮಾನ್ಯವಾಗಿ ಹಣವು ಆ ಇನ್ನೊಬ್ಬನಿಗೆ ಹೋಗುತ್ತದೆ. ಸರಕನ್ನು ಹಿಂದಿರುಗಿಸಿದರೆ ಕಮಿಷನ್ನೂ ಹಿಂದಿರುಗುತ್ತದೆ. ತನ್ನ ಲಿಂಕಿನಲ್ಲಿ ತಾನೇ ಕೊಂಡು ಕಮಿಷನ್ ಪಡೆಯಲು ಅವಕಾಶವಿಲ್ಲ.

ಈ ವ್ಯವಸ್ಥೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದಲ್ಲಿ ಸಂಗೀತದ ಸಿ.ಡಿ.ಗಳನ್ನು ಮಾರುತ್ತಿದ್ದ ಸಿಡಿನೌ ಎಂಬ ಅಂಗಡಿ 1994ರಲ್ಲಿಯೇ ಇದನ್ನು ಆರಂಭಿಸಿತ್ತು. ಆಗ ಕೇವಲ ಪುಸ್ತಕದ ಅಂಗಡಿಯಾಗಿದ್ದ ಅಮೆಜಾನ್ 1996ರಲ್ಲಿ ತನ್ನ ಅಸೋಸಿಯೇಟ್ಸ್ ಯೋಜನೆಯನ್ನು ತೆರೆಯಿತು. ಅದರ ಹಿಂದಿನ ತತ್ತ್ವ ಸರಳವಾದದ್ದು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಮಾರಾಟವಾಗಲಿ ಬಿಡಲಿ, ಹಣ ಮೊದಲೇ ತೆರಬೇಕು. ಇಲ್ಲಿ ಮಾರಾಟವಾದ ಮೇಲೆ ಮಾತ್ರ ತೆತ್ತರೆ ಸಾಕು. ಮಾರಾಟವಾಗದಿದ್ದರೆ ಆಗುವ ನಷ್ಟವೆಲ್ಲ ಬರೆಯುವವನದು. ದಿನವೆಲ್ಲ ಬಿಸಿಲಿನಲ್ಲಿ ನಿಂತವನು ಅಂಗಡಿಯವನಲ್ಲ, ದಲ್ಲಾಳಿ.

ಇನ್ನು ಲಾಭದ ಲೆಕ್ಕ. ಒಂದು ಲೇಖನವನ್ನು 1,000 ಮಂದಿ ಓದಿದರೆಂದು ಇಟ್ಟುಕೊಳ್ಳೋಣ. ಅವರಲ್ಲಿ 50 ಮಂದಿ ಲಿಂಕನ್ನು ಒತ್ತಿದರು. ಅವರಲ್ಲಿ ಇಬ್ಬರು 1,500 ರೂಪಾಯಿಯ ಸರಕನ್ನು ಕೊಂಡರು. ಕಮಿಷನ್ ಶೇಕಡ 4. ಆಗ ಬರುವುದು 120 ರೂಪಾಯಿ. 200 ರೂಪಾಯಿಯ ಕನ್ನಡ ಪುಸ್ತಕವನ್ನು ಶೇಕಡ 5ರ ದರದಲ್ಲಿ ಶಿಫಾರಸು ಮಾಡಿದರೆ ಪ್ರತಿಯೊಂದಕ್ಕೆ 10 ರೂಪಾಯಿ. ನನ್ನ ಸ್ವಂತ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಒಂದು ವರ್ಷದಲ್ಲಿ 46 ಲೇಖನಗಳನ್ನು ಬರೆದೆ. ಬಂದದ್ದು 3,180 ರೂಪಾಯಿ. ಜಾಲತಾಣದ ಹೆಸರಿಗೂ ಜಾಗದ ಬಾಡಿಗೆಗೂ ಹೋದದ್ದು 1,900 ರೂಪಾಯಿ. ಉಳಿದ 1,280 ರೂಪಾಯಿಯನ್ನು ರಾತ್ರಿ ಎಚ್ಚರವಿದ್ದ ಗಂಟೆಗಳಿಂದ ಭಾಗಿಸುವ ಸಾಹಸವನ್ನು ನಾನು ಮಾಡಲಿಲ್ಲ.

ಹಾಗಾದರೆ ಇದರಲ್ಲಿ ಯಶಸ್ಸು ಪಡೆದವರೇ ಇಲ್ಲವೇ? ಇದ್ದಾರೆ. ಬ್ರಿಯನ್ ಲ್ಯಾಮ್ ಎಂಬ ಪತ್ರಕರ್ತರು 2011ರಲ್ಲಿ ವೈರ್‌ಕಟರ್ ಎಂಬ ಜಾಲತಾಣವನ್ನು ಆರಂಭಿಸಿದರು. ನೂರು ಸರಕುಗಳ ಪಟ್ಟಿಯನ್ನು ಓದುಗನ ಮುಂದೆ ಸುರಿಯುವ ಬದಲು, ಸರಕುಗಳನ್ನು ಬಳಸಿ, ಹೋಲಿಸಿ, ಹೆಚ್ಚಿನವರಿಗೆ ಇದು ಸಾಕು ಎಂದು ಒಂದನ್ನು ತೋರಿಸುವುದು ಅವರ ಕ್ರಮ. ಜಾಲತಾಣದ ಮುಖ್ಯ ಆದಾಯ ಅಫಿಲಿಯೇಟ್ ಕಮಿಷನ್ನೇ. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಸ್ಥೆಯು ಅದನ್ನೂ ಅದರ ಸೋದರ ಜಾಲತಾಣವನ್ನೂ 3 ಕೋಟಿ ಡಾಲರಿಗೆ ಮಿಕ್ಕಿದ ಮೊತ್ತಕ್ಕೆ ಕೊಂಡಿತು. ಪತ್ರಿಕಾ ಸಂಸ್ಥೆಯೊಂದು ಅಷ್ಟು ಹಣ ತೆತ್ತದ್ದು ಬರಿಯ ಲಿಂಕುಗಳಿಗಲ್ಲ. ಲಿಂಕನ್ನು ಯಾರು ಬೇಕಾದರೂ ಕೊಡಬಹುದು. ಅದು ಕೊಂಡದ್ದು, ‘ಇವರು ಹೇಳಿದರೆ ನಿಜವಿರಬೇಕು’ ಎಂಬ ಓದುಗರ ನಂಬಿಕೆಯನ್ನು.

ಈ ಮಾತನ್ನು ನಾನು ಕಲಿತದ್ದು ಮಾತ್ರ ಪುಸ್ತಕದಿಂದಲ್ಲ. ಕಳೆದ ವರ್ಷ ‘ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಐದು ಒಳ್ಳೆಯ ವಿದ್ಯುತ್ ಕೆಟಲ್‌ಗಳು’ ಎಂಬ ಲೇಖನವೊಂದನ್ನು ಬರೆದೆ. ಐದರಲ್ಲಿ ಒಂದನ್ನೂ ನಾನು ಕೈಯಿಂದ ಮುಟ್ಟಿರಲಿಲ್ಲ. ಅಂಗಡಿಯ ಪುಟದಲ್ಲಿದ್ದ ವಿವರಗಳನ್ನು ಕನ್ನಡಕ್ಕೆ ಇಳಿಸಿ, ‘ಗಟ್ಟಿಮುಟ್ಟಾದದ್ದು’, ‘ಬಹುಕಾಲ ಬಾಳುವಂಥದ್ದು’ ಎಂಬ ವಿಶೇಷಣಗಳನ್ನು ನನ್ನ ಕೈಯಿಂದ ಸೇರಿಸಿದ್ದೆ. ಕೆಲವು ವಾರಗಳ ತರುವಾಯ ಪ್ರಥಮ ವರ್ಷದ ಹುಡುಗನೊಬ್ಬ ಗ್ರಂಥಾಲಯದ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ.

“ಅಣ್ಣಾ, ನೀವು ಬರೆದದ್ದನ್ನು ನೋಡಿ ಆ ಕೆಟಲ್ ತೆಗೆದುಕೊಂಡೆ. ಮೂರು ವಾರಕ್ಕೆ ಕೆಟ್ಟುಹೋಯಿತು. ಹಿಂದಕ್ಕೆ ಕೊಡುವ ಅವಧಿಯೂ ಮುಗಿದಿದೆಯಂತೆ. ನಿಮ್ಮದು ಚೆನ್ನಾಗಿದೆಯಾ? ಎಷ್ಟು ದಿನದಿಂದ ಉಪಯೋಗಿಸುತ್ತಿದ್ದೀರಿ?”

ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ತನ್ನ ಕೈಯಲ್ಲಿ ಏನೋ ತಪ್ಪಾಗಿರಬೇಕೆಂದೇ ಅವನು ತಿಳಿದಿದ್ದ. ನನ್ನಲ್ಲಿ ಕೆಟಲ್ಲೇ ಇಲ್ಲವೆಂದು ಹೇಳಿದೆ. ಆ 900 ರೂಪಾಯಿಯ ವ್ಯಾಪಾರದಲ್ಲಿ ನನಗೆ 36 ರೂಪಾಯಿ ಬಂದಿದೆಯೆಂಬುದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದು ಜಾಹೀರಾತಾ ಅಣ್ಣಾ? ನಾನು ಲೇಖನ ಅಂದುಕೊಂಡಿದ್ದೆ” ಎಂದ.

ಕಮಿಷನ್ನಿನ ವಿಷಯವನ್ನು ನಾನು ತಿಳಿಸಿಯೇ ಇರಲಿಲ್ಲವೆಂದಲ್ಲ. ಪುಟದ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನ ಒಂದು ವಾಕ್ಯವಿತ್ತು. ಲೇಖನವೆಲ್ಲ ಕನ್ನಡದಲ್ಲಿ, ತಪ್ಪೊಪ್ಪಿಗೆ ಮಾತ್ರ ಇಂಗ್ಲಿಷಿನಲ್ಲಿ! ಜಾತ್ರೆಯ ದಲ್ಲಾಳಿ ಬೆಲೆಯನ್ನು ಬಟ್ಟೆಯಲ್ಲಿ ಮುಚ್ಚುತ್ತಾನೆ, ತನ್ನನ್ನು ಮುಚ್ಚಿಕೊಳ್ಳುವುದಿಲ್ಲ. ಬೆಲೆಯು ಎಲ್ಲರಿಗೂ ಕಾಣುವಂತಿದ್ದ ಕಡೆ ನಾನು ನನ್ನನ್ನೇ ಬಟ್ಟೆಯಲ್ಲಿ ಮುಚ್ಚಿಕೊಂಡಿದ್ದೆ.

ನಮ್ಮ ದೇಶದ ಕಾನೂನು ಈ ಮರೆಯನ್ನು ಒಪ್ಪುವುದಿಲ್ಲವೆಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆಯಾದ ಎ.ಎಸ್.ಸಿ.ಐ. 2021ರಲ್ಲಿ ಅಂತರ್ಜಾಲದ ಪ್ರಭಾವಿಗಳಿಗಾಗಿ ನಿಯಮಗಳನ್ನು ಪ್ರಕಟಿಸಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಕನ್ನು ಹೊಗಳುವವನಿಗೂ ಮಾರುವವನಿಗೂ ಹಣದ ಸಂಬಂಧವಿದ್ದು, ಅದು ಓದುಗನು ಸಹಜವಾಗಿ ಊಹಿಸಲಾರದಂಥದ್ದಾದರೆ, ಅದನ್ನು ಬಯಲುಮಾಡಲೇಬೇಕು. ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಪ್ರಕಟಿಸಿದ ಕೈಪಿಡಿಯು ಆ ಹೇಳಿಕೆ ಎದ್ದು ಕಾಣುವಂತಿರಬೇಕೆಂದೂ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಹೇಳಿಕೆಯೂ ಅದೇ ಭಾಷೆಯಲ್ಲಿರಬೇಕೆಂದೂ ತಿಳಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವನಿಗೆ 10 ಲಕ್ಷ ರೂಪಾಯಿಯವರೆಗೆ, ಅದನ್ನೇ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಸರಕಿನ ಬಗ್ಗೆ ಹೇಳಿದ ಮಾತು ನಿಜವೇ ಎಂದು ತಕ್ಕ ಎಚ್ಚರದಿಂದ ವಿಚಾರಿಸಿ ನೋಡಿದವನಿಗೆ ಅದೇ ಕಾಯಿದೆ ರಕ್ಷಣೆಯನ್ನೂ ಕೊಡುತ್ತದೆ. ಎಂದಮೇಲೆ ಕಾನೂನು ಕಮಿಷನ್ನನ್ನು ನಿಷೇಧಿಸಿಲ್ಲ. ಹಲ್ಲು ನೋಡದೆ ಎತ್ತನ್ನು ಹೊಗಳುವುದನ್ನು ಮಾತ್ರ ಒಪ್ಪುವುದಿಲ್ಲ.

ಓದುಗನನ್ನಷ್ಟೇ ಅಲ್ಲ, ಅಂಗಡಿಯನ್ನೂ ವಂಚಿಸಿದವರಿದ್ದಾರೆ. ಯಾರೂ ಲಿಂಕನ್ನು ಒತ್ತದಿದ್ದರೂ ತಮ್ಮ ಗುರುತಿನ ಕುಕಿಗಳನ್ನು ಜನರ ಕಂಪ್ಯೂಟರುಗಳಲ್ಲಿ ಗುಟ್ಟಾಗಿ ತುಂಬಿ, ಇಬೇ ಸಂಸ್ಥೆಯಿಂದ ಕಮಿಷನ್ ಪಡೆದ ಇಬ್ಬರಿಗೆ ಅಮೆರಿಕದ ನ್ಯಾಯಾಲಯವು 2014ರಲ್ಲಿ ಸೆರೆಮನೆಯ ಶಿಕ್ಷೆ ವಿಧಿಸಿತು.

ಈ ಆದಾಯದ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ದರವನ್ನು ಗೊತ್ತುಮಾಡುವವನು ಲೇಖಕನಲ್ಲ, ಅಂಗಡಿಯವನು. 2020ರ ಏಪ್ರಿಲಿನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಮೇಲಿನ ಕಮಿಷನ್ನನ್ನು ಶೇಕಡ 8ರಿಂದ 3ಕ್ಕೂ, ದಿನಸಿಯ ಮೇಲಿನದನ್ನು ಶೇಕಡ 5ರಿಂದ 1ಕ್ಕೂ ಇಳಿಸಿತು. ಲೇಖನಗಳು ಹಿಂದಿನಂತೆಯೇ ಇದ್ದವು, ಓದುಗರೂ ಇದ್ದರು. ಆದಾಯ ಮಾತ್ರ ಕುಸಿಯಿತು. ಓದುಗರನ್ನು ಕರೆತರುವ ದಾರಿಯೂ ನಮ್ಮದಲ್ಲ. ಗೂಗಲ್ 2021ರಿಂದ, ಸರಕನ್ನು ಬಳಸಿ ನೋಡಿ ಬರೆದ ವಿಮರ್ಶೆಗಳಿಗೆ ಮೇಲಿನ ಸ್ಥಾನ, ಅಂಗಡಿಯ ವಿವರವನ್ನೇ ತಿರುಗಿಸಿ ಬರೆದವಕ್ಕೆ ಕೆಳಗಿನ ಸ್ಥಾನ ಎಂಬ ನೀತಿಯನ್ನು ಅನುಸರಿಸತೊಡಗಿತು. 2024ರಿಂದ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯ ಉತ್ತರ ಹುಡುಕಾಟದ ಪುಟದ ತಲೆಯಲ್ಲಿಯೇ ಸಿಗುವಂತಾಗಿದೆ. ಪಟ್ಟಿ ಮಾಡಿಕೊಡುವ ಕೆಲಸವನ್ನು ಯಂತ್ರವೇ ಮಾಡುತ್ತಿರುವಾಗ ನಮ್ಮಲ್ಲಿ ಉಳಿಯುವುದು ಯಂತ್ರಕ್ಕೆ ಇಲ್ಲದ ಒಂದೇ ಒಂದು ಬಂಡವಾಳ: ನಾನೇ ಬಳಸಿ ಕಂಡ ಅನುಭವ.

ಆದ್ದರಿಂದ ಈ ಕೆಲಸಕ್ಕೆ ಕೈಯಿಡಬೇಕೆಂದಿರುವ ಮಿತ್ರರಿಗೆ ನಾಲ್ಕು ಮಾತು. ಮೊದಲನೆಯದು, ಹಣ ಕಟ್ಟಿಸಿಕೊಂಡು ಈ ವಿದ್ಯೆಯನ್ನು ಕಲಿಸುತ್ತೇವೆನ್ನುವವರಿಂದ ದೂರವಿರಿ; ದೊಡ್ಡ ಅಂಗಡಿಗಳ ಯೋಜನೆಗೆ ಸೇರಲು ಶುಲ್ಕವೇ ಇಲ್ಲ. ಎರಡನೆಯದು, ನೀವು ನಿಜವಾಗಿ ಬಲ್ಲ ಒಂದು ಕ್ಷೇತ್ರವನ್ನು ಹಿಡಿಯಿರಿ. ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಾಗಲಿ, ತೋಟಕ್ಕೆ ಔಷಧಿ ಸಿಂಪಡಿಸುವ ಪಂಪಾಗಲಿ, ಅಮ್ಮನ ಹೊಲಿಗೆ ಯಂತ್ರವಾಗಲಿ, ಕೈಯಾಡಿದ ವಸ್ತುವಿನ ಬಗ್ಗೆ ಬರೆಯಿರಿ. ಅದರ ದೋಷವನ್ನೂ ಬರೆಯಿರಿ. ಮೂರನೆಯದು, ಕಮಿಷನ್ನಿನ ಮಾತನ್ನು ಲೇಖನದ ತಲೆಯಲ್ಲಿಯೇ ಕನ್ನಡದಲ್ಲಿ ಹೇಳಿಬಿಡಿ. ನಾಲ್ಕನೆಯದು, ಬಂದ ಕಮಿಷನ್ನಿಗೂ ಲೆಕ್ಕವಿಡಿ. ಅದು ಆದಾಯ ತೆರಿಗೆಯ ದೃಷ್ಟಿಯಲ್ಲಿ ಆದಾಯವೇ. ಇದನ್ನು ನಂಬಿ ಓದನ್ನು ಬಿಡಬೇಡಿ ಎಂಬುದನ್ನು ಐದನೆಯದಾಗಿ ಹೇಳುವ ಅಗತ್ಯವಿಲ್ಲವೆಂದು ಭಾವಿಸುತ್ತೇನೆ.

ಕೆಟಲ್ಲಿನ ಲೇಖನವನ್ನು ನಾನು ತೆಗೆದುಹಾಕಿದೆ. ಆ ಹುಡುಗನಿಗೆ 36 ರೂಪಾಯಿಯನ್ನು ಕೊಡಲು ಹೋದಾಗ ಅವನು ನಕ್ಕು, “ಬೇಡ ಅಣ್ಣಾ, ಟೀ ಕುಡಿಸಿ” ಎಂದ. ಕ್ಯಾಂಟೀನಿನಲ್ಲಿ ಕುಡಿಸಿದೆ. ಅನಂತರ ನಾನು ಬರೆದದ್ದು ಎರಡು ವರ್ಷದಿಂದ ನನ್ನ ಮೇಜಿನ ಮೇಲೆ ಉರಿಯುತ್ತಿರುವ ಒಂದು ದೀಪದ ವಿಷಯ. ಅದರ ಗುಂಡಿ ಸಡಿಲವಾಗಿದೆಯೆಂದೂ, ಬೆಳಕು ಮಾತ್ರ ಕಣ್ಣಿಗೆ ಹಿತವೆಂದೂ, ನೀವು ಕೊಂಡರೆ ನನಗೆ ಇಷ್ಟು ಬರುತ್ತದೆಂದೂ ಮೊದಲೇ ಬರೆದೆ. ಅದನ್ನು ಕೊಂಡವರು ಈವರೆಗೆ ಮೂವರು. ಅವರಲ್ಲಿ ಒಬ್ಬ ಆ ಪ್ರಥಮ ವರ್ಷದ ಹುಡುಗ. ಕೊಳ್ಳುವ ಮೊದಲು ಅವನು ನನ್ನ ಕೋಣೆಗೆ ಬಂದು, ದೀಪದ ಗುಂಡಿಯನ್ನು ತಾನೇ ನಾಲ್ಕು ಸಲ ಒತ್ತಿ ನೋಡಿದ.