ಔಷಧ ಚೀಟಿಯಲ್ಲಿ ಉಳಿದಿರುವ ಲ್ಯಾಟಿನ್

ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962-65) ನಂತರ ನಮ್ಮ ಚರ್ಚುಗಳಲ್ಲಿ ಬಲಿಪೂಜೆ ಕೊಂಕಣಿ, ಕನ್ನಡ ಭಾಷೆಗಳಲ್ಲಿ ನಡೆಯತೊಡಗಿತು. ಲ್ಯಾಟಿನ್ ಪ್ರಾರ್ಥನೆಗಳು ಬಾಯಿಪಾಠ ಬರುವ ಹಿರಿಯರು ಈಗ ಬೆರಳೆಣಿಕೆಯಷ್ಟು ಮಾತ್ರ. ಆದರೂ ಆ ಭಾಷೆ ಇಂದಿಗೂ ನಮ್ಮೆಲ್ಲರ ಮನೆಗೆ ಬರುತ್ತಿದೆ, ವೈದ್ಯರ ಚೀಟಿಯ ಮೂಲಕ.

ಚೀಟಿಯ ಮೇಲ್ಭಾಗದಲ್ಲಿ ಇಂಗ್ಲಿಷಿನ 'ಆರ್' ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದ ಗುರುತನ್ನು ಎಲ್ಲರೂ ನೋಡಿರುತ್ತೀರಿ. ಅದು 'ರೆಚಿಪೆ', ಅಂದರೆ 'ತೆಗೆದುಕೋ'. ಅಡುಗೆಯವರ 'ರೆಸಿಪಿ'ಯೂ ಇದೇ ಪದ. ಅದರ ಕೆಳಗೆ ಮಾತ್ರೆಯ ಹೆಸರಿನ ಪಕ್ಕದಲ್ಲಿ ಬರುವ ಅಕ್ಷರಗಳೇ ಮುಖ್ಯವಾದವು. ಲ್ಯಾಟಿನ್‌ನಲ್ಲಿ 'ದೀಯೆಸ್' ಎಂದರೆ ದಿನ, 'ಬಿಸ್' ಎಂದರೆ ಎರಡು ಸಲ, 'ತೇರ್' ಎಂದರೆ ಮೂರು ಸಲ. ಆದ್ದರಿಂದ ಬಿ.ಡಿ. ಎಂದರೆ ದಿನಕ್ಕೆ ಎರಡು ಬಾರಿ, ಟಿ.ಡಿ.ಎಸ್. ಎಂದರೆ ಮೂರು ಬಾರಿ. ಈ 'ತೇರ್' ನಮಗೆ ಹೊಸದಲ್ಲ. ಕೊಂಕಣಿಯಲ್ಲಿ ಜಪಸರಕ್ಕೆ ಹೇಳುವ 'ತೆರ್ಸ್' ಪೋರ್ಚುಗೀಸರ ಮೂಲಕ ಬಂದ ಅದೇ ಬಳ್ಳಿಯ ಪದ. ಹಿಂದೆ ಹದಿನೈದು ರಹಸ್ಯಗಳಿದ್ದ ಪೂರ್ಣ ಜಪಸರದಲ್ಲಿ ಮೂರನೇ ಒಂದು ಪಾಲು ಎಂದು ಅರ್ಥ.

'ಆಂತೆ' ಎಂದರೆ ಮೊದಲು, 'ಪೋಸ್ತ್' ಎಂದರೆ ನಂತರ, 'ಚೀಬುಸ್' ಎಂದರೆ ಆಹಾರ. ಹಾಗಾಗಿ ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟದ ನಂತರ. 'ಹೋರಾ' ಎಂದರೆ ಗಳಿಗೆ. ನಮೋ ಮರಿಯ ಪ್ರಾರ್ಥನೆಯ ಲ್ಯಾಟಿನ್ ರೂಪದಲ್ಲಿ ಮರಣದ ಗಳಿಗೆಗೆ ಬರುವ ಪದವೇ ಇದು. ಎಚ್.ಎಸ್. ಎಂದರೆ 'ಹೋರಾ ಸೋಮ್ನಿ', ಮಲಗುವ ಹೊತ್ತಿಗೆ.

ಅತಿ ಹೆಚ್ಚು ಗೊಂದಲ ಎಸ್.ಓ.ಎಸ್. ಎಂಬುದರಲ್ಲಿ. ಹಡಗಿನವರ ಅಪಾಯದ ಸಂಕೇತ ನೆನಪಿಗೆ ಬಂದು ಕೆಲವರು ಅದನ್ನು ಪ್ರಾಣಾಪಾಯದ ಮಾತ್ರೆ ಎಂದು ಹೆದರುತ್ತಾರೆ. ಇನ್ನು ಕೆಲವರು ಉಳಿದ ಮಾತ್ರೆಗಳ ಜೊತೆ ಪ್ರತಿದಿನ ನುಂಗುತ್ತಾರೆ. ನಿಜಕ್ಕೂ ಅದು 'ಸಿ ಓಪುಸ್ ಸಿತ್', 'ಅಗತ್ಯವಿದ್ದರೆ' ಎಂದಷ್ಟೇ. ನೋವಿನ ಮಾತ್ರೆಯನ್ನು ನೋವಿಲ್ಲದಿದ್ದರೂ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಮಕ್ಕಳು ಗಲ್ಫಿನಲ್ಲಿದ್ದು ವೃದ್ಧ ತಂದೆತಾಯಿ ಇಬ್ಬರೇ ಇರುವ ಮನೆಗಳಲ್ಲಿ ಇದನ್ನು ಗಮನಿಸುವವರು ಯಾರು? ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವವರು, ವಾರ್ಡಿನ ಗುರಿಕಾರರು ಇಷ್ಟನ್ನು ತಿಳಿದಿದ್ದರೆ ಒಂದು ಮಾತು ಕೇಳಬಹುದು. ಕೇಳಬಹುದು ಎಂದೆ, ಬದಲಾಯಿಸಬಹುದು ಎಂದಲ್ಲ. ಸಂಶಯವಿದ್ದರೆ ವೈದ್ಯರಿಗೋ ಔಷಧ ಅಂಗಡಿಯವರಿಗೋ ಫೋನ್ ಮಾಡಬೇಕು.

ಏಕೆಂದರೆ ಈ ಅಕ್ಷರಗಳು ಬಲ್ಲವರನ್ನೂ ದಾರಿ ತಪ್ಪಿಸುತ್ತವೆ. ಓ.ಡಿ. ಎಂದರೆ ಸಾಮಾನ್ಯವಾಗಿ ದಿನಕ್ಕೊಮ್ಮೆ. ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಅಕ್ಷರಗಳು 'ಓಕುಲುಸ್ ದೆಕ್ಸ್ತೆರ್', ಬಲಗಣ್ಣು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಹೊರಡಿಸಿದಾಗ ದಿನಕ್ಕೊಮ್ಮೆ ಎಂಬ ಅರ್ಥದ 'ಕ್ಯೂ.ಡಿ.'ಯನ್ನು ಅದರಲ್ಲಿ ಸೇರಿಸಿತು. ನಡುವಿನ ಚುಕ್ಕಿ 'ಐ' ಎಂದು ಕಂಡರೆ ಅದು ದಿನಕ್ಕೆ ನಾಲ್ಕು ಬಾರಿ ಎಂದಾಗುತ್ತದೆ! ನಮ್ಮಲ್ಲಿ ಅನೇಕ ವೈದ್ಯರು 1-0-1 ಎಂದು ಬರೆಯುವುದು ಎಷ್ಟೋ ವಾಸಿ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ನಮ್ಮ ಧರ್ಮಕೇಂದ್ರಗಳಿಂದ ನರ್ಸಿಂಗ್ ಕಲಿಯಲು ಹೋಗುವ ಯುವಜನರಿಗೆ, ಮುಖ್ಯವಾಗಿ ಕನ್ನಡ ಮಾಧ್ಯಮದಿಂದ ಬಂದವರಿಗೆ, ಮೊದಲ ವರ್ಷದ ಪದಗಳೇ ದೊಡ್ಡ ಭಾರ. ಇಡೀ ಪದವನ್ನು ಉರು ಹೊಡೆಯುವ ಬದಲು ತುಂಡು ಮಾಡಿ ಕಲಿಯುವುದು ಸುಲಭ. 'ಇಂತ್ರಾ' ಎಂದರೆ ಒಳಗೆ, 'ಇಂತೆರ್' ಎಂದರೆ ನಡುವೆ, 'ವೇನಾ' ಎಂದರೆ ರಕ್ತನಾಳ, 'ಕೋಸ್ತಾ' ಎಂದರೆ ಪಕ್ಕೆಲುಬು. ಇಂಟ್ರಾವೀನಸ್, ಇಂಟರ್‌ಕೋಸ್ಟಲ್ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಆದರೆ ಲ್ಯಾಟಿನ್ ಒಂದೇ ಸಾಲದು. ಲ್ಯಾಟಿನ್ ಪೂಜೆಯೊಳಗೆ 'ಕಿರಿಯೆ' ಎಂಬ ಗ್ರೀಕ್ ಪದ ಕುಳಿತಂತೆ ವೈದ್ಯಶಾಸ್ತ್ರದಲ್ಲೂ ಗ್ರೀಕ್ ಬೆರೆತಿದೆ. ಮೂತ್ರಪಿಂಡಕ್ಕೆ 'ರೀನಲ್' ಎಂದರೆ ಲ್ಯಾಟಿನ್, 'ನೆಫ್ರೋ' ಎಂದರೆ ಗ್ರೀಕ್. 'ಹೈಪರ್' (ಹೆಚ್ಚು), 'ಹೈಪೋ' (ಕಡಿಮೆ) ಎರಡೂ ಗ್ರೀಕ್. ರಕ್ತದ ಸಕ್ಕರೆಯ ವಿಷಯದಲ್ಲಿ ಇವೆರಡು ಅದಲುಬದಲಾದರೆ ರೋಗಿಯ ಪ್ರಾಣಕ್ಕೇ ಸಂಚಕಾರ.

ಕೆಲವು ಪದಗಳು ನೋಡಲು ಒಂದು, ಮೂಲ ಇನ್ನೊಂದು. 'ಕೋರ್' ಎಂದರೆ ಹೃದಯ. ಆದರೆ 'ಕೊರೊನರಿ' ಬಂದದ್ದು ಅದರಿಂದಲ್ಲ, ಕಿರೀಟ ಎಂಬರ್ಥದ 'ಕೊರೋನಾ'ದಿಂದ, ಆ ರಕ್ತನಾಳಗಳು ಹೃದಯವನ್ನು ಕಿರೀಟದಂತೆ ಸುತ್ತುವುದರಿಂದ. ಹೃದಯದ ಎಡಭಾಗದಲ್ಲಿರುವ ಎರಡು ಪದರಗಳ ಕವಾಟಕ್ಕೆ 'ಮೈಟ್ರಲ್ ವಾಲ್ವ್' ಎಂಬ ಹೆಸರು ಬರಲು ಕಾರಣ ಬಿಷಪರು ತಲೆಯ ಮೇಲೆ ಧರಿಸುವ 'ಮೈಟರ್'. 16ನೇ ಶತಮಾನದ ಶರೀರಶಾಸ್ತ್ರಜ್ಞ ವೆಸಾಲಿಯಸ್ ಆ ಹೋಲಿಕೆ ಮಾಡಿದ. ಮುಂದಿನ ದೃಢೀಕರಣ ಸಂಸ್ಕಾರದ ದಿನ ಬಿಷಪರ ಮೈಟರನ್ನು ಪಕ್ಕದಿಂದ ನೋಡಿ, ಎರಡು ಪದರಗಳು ಸ್ಪಷ್ಟವಾಗಿ ಕಾಣುತ್ತವೆ.