ಮೀನಿನ ಪೆಟ್ಟಿಗೆಯೊಳಗೆ ಇಪ್ಪತ್ತೊಂದು ದಿನ

ನಾವು ಕರಾವಳಿಯಲ್ಲಿ ಮೊಟ್ಟೆ ಅಂತ ಹೇಳುವುದಕ್ಕೆ ಇಲ್ಲಿ ತತ್ತಿ ಅಂತಾರೆ. ನಮ್ಮ ಊರ ಕೋಳಿ ಇಲ್ಲಿ ಜವಾರಿ ಕೋಳಿ. ಉಸ್ತಾದರು ಇಲ್ಲಿಯವರ ಬಾಯಲ್ಲಿ ಹಜರತ್. ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿ ಎಂಬ ಊರಿಗೆ ಮದ್ರಸ ಕಲಿಸಲು ಬಂದ ಮೇಲೆ ನಾವು ಕಲಿತ ಮೊದಲ ಪಾಠಗಳು ಇವು. ಮತ್ತಿನ ಪಾಠ ಕಲಿಸಿದ್ದು ಒಂದು ಮೀನಿನ ಪೆಟ್ಟಿಗೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಐದು ಹೇಂಟೆ, ಒಂದು ಹುಂಜ, ಅಷ್ಟೇ ಅವರ ಆಸ್ತಿ. ಜವಾರಿ ಕೋಳಿಯ ಸ್ವಭಾವ ನಿಮಗೆ ಗೊತ್ತುಂಟು. ಹತ್ತು ಹದಿನೈದು ಮೊಟ್ಟೆ ಇಡ್ತದೆ, ಕಾವಿಗೆ ಕೂರ್ತದೆ. ಮೂರು ವಾರ ಕಾವು, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ಓಡಾಟ. ಅಷ್ಟು ದಿನ ಮೊಟ್ಟೆ ಇಲ್ಲ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಸಿಕ್ಕಿದರೆ ದೊಡ್ಡದು. ಅದರಲ್ಲೂ ಹದ್ದು, ಮುಂಗುಸಿ, ಬೀದಿ ನಾಯಿಯ ಪಾಲು ಹೋಗಿ ಉಳಿಯುವ ಮರಿ ಎಷ್ಟು? ಮೊಟ್ಟೆಯನ್ನು ಯಂತ್ರಕ್ಕೆ ಕೊಟ್ಟರೆ ಹೇಂಟೆ ಬೇಗ ಪುನಃ ಮೊಟ್ಟೆಗೆ ಬರ್ತದೆ ಎಂದು ನಾವೇ ಅಜ್ಜಿಗೆ ಆಸೆ ಹುಟ್ಟಿಸಿದ್ದು.

'ಹಜರತ್ರ, ದೀಪದ ಮುಂದ ತತ್ತಿ ಇಟ್ರ ಮರಿ ಆಗ್ತೈತೇನ್ರಿ?' ಎಂದು ಅಜ್ಜಿ ನಕ್ಕರು. ನಕ್ಕರೂ 16 ಮೊಟ್ಟೆ ಸೆರಗಿನಲ್ಲಿ ಕಟ್ಟಿ ತಂದುಕೊಟ್ಟರು. ಪಾಲಿನ ಲೆಕ್ಕ: ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಇನ್ನು 8 ಮೊಟ್ಟೆ ಬೇರೆ ಮನೆಯಿಂದ ಕೊಂಡೆವು.

ಅಜ್ಜಿ ನಕ್ಕದ್ದು ಸರಿ, ಆದರೆ ಈ ವಿದ್ಯೆ ಹೊಸತಲ್ಲ. ಈಜಿಪ್ಟಿನವರು ಸಾವಿರಾರು ವರ್ಷಗಳಿಂದ ಮಣ್ಣಿನ ಒಲೆಮನೆಗಳಲ್ಲಿ ಮರಿ ಮಾಡಿಸುತ್ತಿದ್ದರು. ಬಗ್ದಾದಿನ ವೈದ್ಯ ವಿದ್ವಾಂಸರಾದ ಅಬ್ದುಲ್ಲತೀಫ್ ಅಲ್ ಬಗ್ದಾದಿ (1162-1231) ಈಜಿಪ್ಟಿನಲ್ಲಿದ್ದಾಗ ಅದನ್ನು ಕಣ್ಣಾರೆ ನೋಡಿ, ಸೆಗಣಿಯ ಬೆಂಕಿಯಿಂದ ಶಾಖ ಕೊಡುವ ಆ ಕ್ರಮವನ್ನು ತಮ್ಮ ಕಿತಾಬಿನಲ್ಲಿ ವಿವರವಾಗಿ ಬರೆದಿಟ್ಟಿದ್ದಾರೆ. ಅಲ್ಲಿನ ಕೆಲಸದವರಿಗೆ ಥರ್ಮಾಮೀಟರ್ ಬೇಡ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಮುಟ್ಟಿಸಿ ಬಿಸಿ ಸಾಕೋ ಹೆಚ್ಚೋ ಹೇಳುತ್ತಿದ್ದರು. ಫ್ರಾನ್ಸಿನ ರೋಮ್ಯೂರ್ ಎಂಬ ವಿಜ್ಞಾನಿ ಇದನ್ನು ತನ್ನ ದೇಶದಲ್ಲಿ ಮಾಡಹೊರಟು 1749ರಲ್ಲಿ ಪುಸ್ತಕವನ್ನೇ ಬರೆದ. ನಾವೂ ರೆಪ್ಪೆಗೆ ಮುಟ್ಟಿಸಿ ನೋಡಿದ್ದುಂಟು. ನಮಗೆ ಏನೂ ಗೊತ್ತಾಗಲಿಲ್ಲ.

ಪೆಟ್ಟಿಗೆ ಸಿಕ್ಕಿದ್ದು ಲಕ್ಷ್ಮೇಶ್ವರದ ಮೀನಿನವರ ಹತ್ತಿರ. ಕಡಲ ಕಡೆಯಿಂದ ಐಸ್ ಹಾಕಿ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ. ತಂಪು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡ್ತದೆ. ಮೂರು ಸಲ ತೊಳೆದು ಬಿಸಿಲಿಗಿಟ್ಟರೂ ಬಂಗುಡೆಯ ವಾಸನೆ ಹೋಗಲಿಲ್ಲ; ಊರಿನ ನೆನಪಾಯಿತು. ಒಳಗೆ 40 ವಾಟಿನ ಎರಡು ಬಲ್ಬು. ಎರಡು ಯಾಕೆಂದರೆ ಒಂದು ಹೋದರೆ ಇನ್ನೊಂದಾದರೂ ಉರಿಯಲಿ. ಎಲ್‌ಇಡಿ ಬಲ್ಬು ಇದಕ್ಕೆ ಆಗುವುದಿಲ್ಲ, ಅದು ಬೆಳಕು ಕೊಡ್ತದೆ, ಬೇಕಾದಷ್ಟು ಶಾಖ ಕೊಡುವುದಿಲ್ಲ. ಹಳೇ ಕಾಲದ ಹಳದಿ ಬಲ್ಬಿಗಾಗಿ ನಾಲ್ಕು ಅಂಗಡಿ ಅಲೆಯಬೇಕಾಯಿತು. ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್ ಒಂದು, ಬಿಸಿ ಎಲ್ಲ ಕಡೆ ಸಮ ಹರಡಲು. ಡಬ್ಲ್ಯು 1209 ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು, ಅದರ ವಯರಿನ ತುದಿಯಲ್ಲಿ ಬಿಸಿ ಅಳೆಯುವ ಸೆನ್ಸರ್. ಬಿಸಿ ಏರಿದರೆ ಬಲ್ಬು ಆರಿಸ್ತದೆ, ಇಳಿದರೆ ಹೊತ್ತಿಸ್ತದೆ. ನೀರಿನ ಬಟ್ಟಲೂ ಕರೆಂಟಿನ ವಯರೂ ಒಂದೇ ಪೆಟ್ಟಿಗೆಯಲ್ಲಿರುವ ಕೆಲಸ ಇದು, ಮಕ್ಕಳಿರುವ ಮನೆ. ವಯರಿಂಗನ್ನು ತಿಳಿದವರಿಂದಲೇ ಮಾಡಿಸಿ.

ಬೇಕಾದ ಬಿಸಿ 37.5 ಡಿಗ್ರಿ, ಅಂದರೆ ಫ್ಯಾರನ್‌ಹೀಟಿನಲ್ಲಿ 99.5. ಬೋರ್ಡು ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇದೆಯಲ್ಲ, ಅದನ್ನು ಮೊಟ್ಟೆಗಳ ಪಕ್ಕ ಮಲಗಿಸಿ ತಾಳೆ ನೋಡಿ.

ಮೊಟ್ಟೆ ಹುಂಜ ಇರುವ ಮನೆಯದ್ದೇ ಆಗಬೇಕು. ಮದ್ರಸದ ಮಕ್ಕಳು ಅಂಗಡಿ ಮೊಟ್ಟೆ ತಂದು 'ಇದನ್ನೂ ಇಡ್ರಿ' ಅಂದರು. ಫಾರಂನಲ್ಲಿ ಮೊಟ್ಟೆ ಕೋಳಿಗಳ ಜೊತೆ ಹುಂಜ ಬಿಡುವುದಿಲ್ಲ, ಆ ಮೊಟ್ಟೆಯಲ್ಲಿ ಜೀವ ಇಲ್ಲ ಎಂದು ಅವರಿಗೆ ತಿಳಿಸಿ ಹೇಳಲು ನಮಗೆ ಸ್ವಲ್ಪ ಕಷ್ಟವೇ ಆಯಿತು. ಇನ್ನೊಬ್ಬ ಹುಡುಗ ಮಾಗಡಿ ಕೆರೆಯ ಬಾತುಗಳ ಮೊಟ್ಟೆ ತರಲೇ ಎಂದು ಕೇಳಿದ. ಚಳಿಗಾಲದಲ್ಲಿ ಆ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ದೂರದ ಮಧ್ಯ ಏಷ್ಯಾದಿಂದ ಬರ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣದ ಮಾನ್ಯತೆಯೂ ಸಿಕ್ಕಿದೆ. ಅವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಇಟ್ಟರೂ ಕಾಡು ಹಕ್ಕಿಯ ಮೊಟ್ಟೆ ಮುಟ್ಟಿದರೆ 1972ರ ಕಾಯ್ದೆಯ ಪ್ರಕಾರ ಅಪರಾಧ.

ಏಳು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. ತೊಳೆಯಬೇಡಿ. ಚೂಪು ತುದಿ ಕೆಳಗೆ ಮಾಡಿ ತಂಪಿನಲ್ಲಿ ಇಡಿ.

ಇನ್ನು ಹೊರಳಿಸುವುದು. ಕಾವಿಗೆ ಕೂತ ಕೋಳಿ ಕೊಕ್ಕಿನಿಂದ ಮೊಟ್ಟೆಯನ್ನು ಆಗಾಗ ಹೊರಳಿಸ್ತಾ ಇರ್ತದೆ. ಇಲ್ಲದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ತದೆ. ಯಂತ್ರದಲ್ಲಿ ಈ ಕೆಲಸ ನಮ್ಮದು. ದಿನಕ್ಕೆ ಕಡಿಮೆ ಅಂದರೆ ಮೂರು ಸಲ, ಅದೂ ಬೆಸ ಸಂಖ್ಯೆಯಲ್ಲಿ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ ಹಾಕಿದೆವು. ಬೆಸ ಯಾಕೆಂದರೆ ರಾತ್ರಿಯ ಉದ್ದದ ಹೊತ್ತನ್ನು ಮೊಟ್ಟೆ ದಿನಾ ಒಂದೇ ಬದಿಯಲ್ಲಿ ಕಳೆಯಬಾರದು. ನಮಗೆ ಇದಕ್ಕೆ ಅಲಾರಂ ಬೇಕಾಗಲಿಲ್ಲ. ಐದು ಹೊತ್ತಿನ ನಮಾಝ್ ಮುಗಿಸಿ ಬಂದು ಐದು ಸಲ ಹೊರಳಿಸಿದೆವು. ಐದು ಬೆಸವೇ ಅಲ್ವಾ?

ಇಷ್ಟೆಲ್ಲ ಮಾಡಿಯೂ ಮೊದಲ ಸಲದ 24 ಮೊಟ್ಟೆಯಲ್ಲಿ ಒಂದೂ ಮರಿಯಾಗಲಿಲ್ಲ.

ಐದನೇ ದಿನ ಇಶಾ ಕಳೆದು ಹೊರಳಿಸುವಾಗ ನಮ್ಮ ತೋಳಿಗೆ ಸೆನ್ಸರಿನ ವಯರ್ ಸಿಕ್ಕಿ ಪೆಟ್ಟಿಗೆಯಿಂದ ಹೊರಗೆ ಬಂದದ್ದು ಗೊತ್ತಾಗಲಿಲ್ಲ. ಅದು ಹೊರಗಿನ ಗಾಳಿಯ ಬಿಸಿ ನೋಡುತ್ತಾ ಇಡೀ ರಾತ್ರಿ ಬಲ್ಬು ಉರಿಸಿತು. ಸುಬಹಿಗೆ ಎದ್ದು ನೋಡುವಾಗ ಒಳಗೆ 44 ಡಿಗ್ರಿ. ಏಳನೇ ದಿನ ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಿಡಿದೆವು. ಬದುಕಿರುವ ಮೊಟ್ಟೆಯಲ್ಲಿ ಜೇಡನ ಬಲೆಯ ಹಾಗೆ ಕೆಂಪು ನರ ಹರಡಿರಬೇಕು. ನಮ್ಮದರಲ್ಲಿ ಒಂದರ ಹಿಂದೆ ಒಂದು ಬರೀ ಕೆಂಪು ಉಂಗುರ. ಭ್ರೂಣ ಸತ್ತು ರಕ್ತ ಅಂಚಿಗೆ ಸರಿದಾಗ ಹಾಗೆ ಕಾಣ್ತದೆ. ಮೊಟ್ಟೆ ತಣ್ಣಗಾದದ್ದನ್ನು ಸ್ವಲ್ಪ ಹೊತ್ತು ತಾಳಿಕೊಳ್ತದೆ, ಕೋಳಿಯೂ ಮೇವಿಗೆ ಎದ್ದು ಹೋಗ್ತದಲ್ಲ. ಅತಿ ಬಿಸಿಯನ್ನು ಮಾತ್ರ ತಾಳುವುದಿಲ್ಲ.

ಅಜ್ಜಿಗೆ ಹೇಳಲಿಕ್ಕೆ ಎರಡು ದಿನ ಧೈರ್ಯ ಬರಲಿಲ್ಲ. ಅಮಾನತ್ತಿನ ಪಾಠ ಮಕ್ಕಳಿಗೆ ಹೇಳಿಕೊಡುವವರು ನಾವು. 16 ಮೊಟ್ಟೆ ನಮಗೆ ಸಣ್ಣ ವಿಷಯ ಇರಬಹುದು, ಅವರಿಗೆ ಅದು ವಾರದ ಸಂತೆಯ ಖರ್ಚು. ಕಡೆಗೆ ನಮ್ಮ ಮನೆಯವರು 'ನೀವು ಹೋಗದಿದ್ದರೆ ನಾನೇ ಹೋಗ್ತೇನೆ' ಅಂದ ಮೇಲೆ ದುಡ್ಡು ಹಿಡಿದು ಹೋದೆವು. ಅಜ್ಜಿ ದುಡ್ಡು ಮುಟ್ಟಲಿಲ್ಲ.

'ರೊಕ್ಕಕ್ಕ ಕಾವು ಕೊಟ್ರ ಮರಿ ಆಗ್ತಾವೇನ್ರಿ? ಇನ್ನೊಮ್ಮೆ ಇಡ್ರಿ. ನನ್ನ ಕರೀ ಕೋಳಿ ಕಾವಿಗೆ ಕುಂತೈತಿ, ಎಬ್ಬಸಂಗಿಲ್ಲ. ನಿಮ್ಮ ಡಬ್ಬಿ ಮರಿ ಅದರ ಹೊಟ್ಟಿ ಕೆಳಗ ಬಿಡೂಣು.'

ಎರಡನೇ ಸಲದ 24 ಮೊಟ್ಟೆ ಪೂರಾ ನಮ್ಮ ದುಡ್ಡಿನದ್ದು. ಸೆನ್ಸರನ್ನು ಒಳಗೆ ದಾರದಿಂದ ಕಟ್ಟಿದೆವು. ಈ ಸಲ ಕಾಡಿದ್ದು ತೇವಾಂಶ. ಮೊದಲ 18 ದಿನ ಪೆಟ್ಟಿಗೆಯೊಳಗೆ ಶೇಕಡಾ 50ರ ಆಸುಪಾಸು ಇರಬೇಕು, ಕಡೆಯ ಮೂರು ದಿನ 65-70. ಅಡರಕಟ್ಟಿಯ ಬೇಸಗೆಯ ಗಾಳಿ ಹಪ್ಪಳ ಒಣಗಿಸುವಂಥದ್ದು. ಒಂದು ಬಟ್ಟಲು ನೀರಿಟ್ಟರೂ ಮುಳ್ಳು 30ರ ಮೇಲೆ ಏಳಲಿಲ್ಲ. ಆಳದ ಬಟ್ಟಲು ತೆಗೆದು ಅಗಲದ ತಟ್ಟೆಯಲ್ಲಿ ಒದ್ದೆ ಬಟ್ಟೆ ಹರಡಿದ ಮೇಲೆ ಸರಿಯಾಯಿತು. ನೀರಿನ ಆಳ ಮುಖ್ಯ ಅಲ್ಲ, ಅಗಲ ಮುಖ್ಯ.

ಈ ಬುದ್ಧಿಯನ್ನು ಊರಿನಲ್ಲಿರುವ ತಂಗಿಗೂ ಫೋನಿನಲ್ಲಿ ಹೇಳಿದೆವು. ಅವಳು ಜೂನ್ ತಿಂಗಳ ಮಳೆಯಲ್ಲಿ ಎರಡು ತಟ್ಟೆ ನೀರಿಟ್ಟಳು. ಮರಿಗಳು ಪೂರ್ತಿ ಬೆಳೆದು, ಒಡೆಯುವ ಹೊತ್ತಿಗೆ ಚಿಪ್ಪಿನೊಳಗೇ ಸತ್ತವು. ತಪ್ಪು ನಮ್ಮದು. ಮೊಟ್ಟೆ 18 ದಿನಗಳಲ್ಲಿ ತನ್ನ ತೂಕದ ನೂರಕ್ಕೆ ಹನ್ನೆರಡರಷ್ಟು ನೀರನ್ನು ಆವಿಯಾಗಿ ಕಳೆದುಕೊಳ್ಳಬೇಕು. ಆಗಲೇ ಅಗಲ ತುದಿಯ ಗಾಳಿಕೋಣೆ ದೊಡ್ಡದಾಗುವುದು, ಮರಿ ಮೊದಲ ಉಸಿರು ಎಳೆಯುವುದು ಅಲ್ಲಿ. ತೇವ ಜಾಸ್ತಿಯಾದರೆ ಗಾಳಿಗೆ ಜಾಗವೇ ಇರುವುದಿಲ್ಲ. ಕರಾವಳಿಯ ಮಳೆಗಾಲದ ಗಾಳಿ ಪೆಟ್ಟಿಗೆಯಲ್ಲಿ ಬಿಸಿಯಾದಾಗ, ನೀರೇ ಇಡದಿದ್ದರೂ 50ರ ಹತ್ತಿರ ಇರ್ತದೆ. ಆದ್ದರಿಂದ ಮಂಗಳೂರು, ಬಂಟ್ವಾಳ, ಪುತ್ತೂರಿನ ಕಡೆ ಮಳೆಗಾಲದಲ್ಲಿ ಮೊಟ್ಟೆ ಇಡುವವರು ಮೊದಲ 18 ದಿನ ತಟ್ಟೆಗೆ ನೀರು ಹಾಕುವ ಮುಂಚೆ ಹೈಗ್ರೋಮೀಟರ್ ನೋಡಿ. ಅಡರಕಟ್ಟಿಯ ಲೆಕ್ಕ ಅಲ್ಲಿಗೆ ಆಗುವುದಿಲ್ಲ.

ಏಳನೇ ದಿನ 4 ಮೊಟ್ಟೆ ಜೀವ ಕಟ್ಟದವು, 14ನೇ ದಿನ ಸತ್ತದ್ದು 1, ತೆಗೆದೆವು. ಇಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸ್ತವೆ. 18ನೇ ದಿನ ಹೊರಳಿಸುವುದು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ಹಾಕಿದೆವು.

19ನೇ ದಿನ ಸಂಜೆ ಗುಡುಗಿನ ಮಳೆ ಬಂದು ಕರೆಂಟು ಹೋಯಿತು. ಕಪ್ಪತಗುಡ್ಡದ ಕಡೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನುಗಳು ಸಾಲಾಗಿ ನಿಂತಿವೆ, ನಮ್ಮ ಎರಡು ಬಲ್ಬಿಗೆ ಗತಿ ಇಲ್ಲ. ಐದು ಗಂಟೆ ಕತ್ತಲೆ. ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಮೇಲೆ ಕಂಬಳಿ ಹೊದಿಸಿದೆವು. ಗಾಳಿಯ ತೂತು ಮಾತ್ರ ಮುಚ್ಚಲಿಲ್ಲ. ಕಡೆಯ ದಿನಗಳಲ್ಲಿ ಮರಿಗಳಿಗೆ ಗಾಳಿ ಹೆಚ್ಚು ಬೇಕು. ಆ ಹೊತ್ತಿಗೆ ಬೆಳೆದ ಮರಿಗಳ ಮೈಯೂ ಸ್ವಲ್ಪ ಬಿಸಿ ಕೊಡ್ತದೆ. ಪಕ್ಕದ ಮನೆಯಿಂದ ಅಜ್ಜಿಯೂ ಒಂದು ಚೊಂಬು ಬಿಸಿನೀರು ಹಿಡಿದು ಬಂದು ಕತ್ತಲಲ್ಲೇ ಕೂತರು.

21ನೇ ದಿನ ಮಧ್ಯಾಹ್ನ ಚಿಪ್ಪಿನೊಳಗಿಂದ ಚಿಂವ್ ಚಿಂವ್ ಕೇಳಿಸಿತು. ಮದ್ರಸದ ಮಕ್ಕಳೆಲ್ಲ ಪೆಟ್ಟಿಗೆಯ ಸುತ್ತ. ಒಂದು ಮೊಟ್ಟೆಗೆ ತೂತು ಬಿದ್ದು ಆರು ಗಂಟೆಯಾದರೂ ಮುಂದೆ ಒಡೆಯಲಿಲ್ಲ. ನಮ್ಮ ಮನೆಯವರು 'ಚಿಪ್ಪು ಸ್ವಲ್ಪ ಬಿಡಿಸಿ ಕೊಡುವ, ಪಾಪ' ಅಂದರು. ಕೈ ತಡೆಯುವುದು ಬಹಳ ಕಷ್ಟ. ತೂತು ಬಿದ್ದ ಮೇಲೆ ಹೊರಗೆ ಬರಲು ಒಂದು ದಿನವೂ ಹಿಡಿಯಬಹುದು. ಆ ಹೊತ್ತಿನಲ್ಲಿ ಮರಿ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ತಾ ಇರ್ತದೆ, ಪೊರೆಯ ರಕ್ತ ಒಣಗ್ತಾ ಇರ್ತದೆ. ಅವಸರ ಮಾಡಿದರೆ ರಕ್ತ ಸುರಿದು ಸಾಯ್ತದೆ. ಮುಚ್ಚಳ ತೆಗೆದರೂ ಒಳಗಿನ ತೇವ ಹಾರಿ ಪೊರೆ ಒಣಗಿ ಮರಿಯನ್ನು ಬಿಗಿದುಬಿಡ್ತದೆ. 22ನೇ ದಿನದ ಅಸರಿಗೆ 15 ಮರಿಗಳು ಹೊರಗೆ. ಉಳಿದ 4 ಒಡೆಯಲೇ ಇಲ್ಲ.

ಹೊಟ್ಟೆಯೊಳಗಿನ ಹಳದಿಯ ಬಲದಲ್ಲಿ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು, ಗಾಬರಿ ಬೇಡ. ನಾವು ಇಟ್ಟುಕೊಂಡ 7 ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ, ಮತ್ತೆ ವಾರ ವಾರ ಮೂರು ಡಿಗ್ರಿಯಂತೆ ಇಳಿಸಿದೆವು. ಏಳನೇ ದಿನ ಕೊಕ್ಕರೆ ರೋಗದ ಲಸೋಟಾ ಹನಿ ಹಾಕಿಸಿದೆವು. ಈ ಲಸಿಕೆಯ ಬಾಟಲಿ ನೂರು ಕೋಳಿಗೆ ಸಾಕಾಗುವಂಥದ್ದು, ತೆರೆದ ಮೇಲೆ ಇಟ್ಟುಕೊಳ್ಳಲಾಗುವುದಿಲ್ಲ. ಒಂದು ಓಣಿಯ ಮನೆಗಳೆಲ್ಲ ಸೇರಿ ಒಂದೇ ದಿನ ಹಾಕಿಸುವುದು ಒಳ್ಳೆಯದು.

ಅಜ್ಜಿಯ ಪಾಲು 8. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ, ಕರೀ ಕೋಳಿಯ ಕೆಳಗಿದ್ದ ಹಾಳು ಮೊಟ್ಟೆಗಳನ್ನು ತೆಗೆದು ಒಂದೊಂದೇ ಮರಿಯನ್ನು ರೆಕ್ಕೆಯ ಅಡಿಗೆ ಸರಿಸಿದೆವು. ಕತ್ತಲಲ್ಲಿ ಕೊಟ್ಟರೆ ಕೋಳಿ ಕುಕ್ಕುವುದು ಕಡಿಮೆ. ಅದು ಒಮ್ಮೆ ಮೈ ಉಬ್ಬಿಸಿ, ಗೊರಗೊರ ಸದ್ದು ಮಾಡಿ ಸುಮ್ಮನಾಯಿತು. ಬೆಳಿಗ್ಗೆ ಸುಬಹಿ ಮುಗಿಸಿ ಬರುವಾಗ ಅಂಗಳದಲ್ಲಿ ಎಂಟೂ ಅದರ ಹಿಂದೆ.

ಎರಡೂವರೆ ತಿಂಗಳಾಗುವಾಗ ಜುಟ್ಟು ಬಾಲ ನೋಡಿ ಗೊತ್ತಾಯಿತು, ಎಂಟರಲ್ಲಿ ಐದು ಹುಂಜ. 'ಹಜರತ್ರ, ನಿಮ್ಮ ಡಬ್ಬಿ ಬರೇ ಹುಂಜಾನ ಹಡಿತೈತಿ' ಎಂದು ಅಜ್ಜಿಯ ದೂರು. ಹೆಣ್ಣೋ ಗಂಡೋ ಎಂಬುದು ಮೊಟ್ಟೆ ಇಡುವ ಮೊದಲೇ ಹೇಂಟೆಯ ಹೊಟ್ಟೆಯಲ್ಲೇ ನಿಶ್ಚಯವಾಗಿರ್ತದೆ, ಪೆಟ್ಟಿಗೆಯದ್ದೇನೂ ಇಲ್ಲ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಚೂಪು ತತ್ತಿ ಹುಂಜ, ಉರುಟು ತತ್ತಿ ಹ್ಯಾಟಿ ಎನ್ನುವುದು ಅವರ ಲೆಕ್ಕ. ಈಗ ಮೂರನೇ ಸಲ ಇಟ್ಟ 24ರಲ್ಲಿ 12 ಮೊಟ್ಟೆ ಅಜ್ಜಿ ತಾವೇ ಕೂತು ಆರಿಸಿದ ಉರುಟು ಮೊಟ್ಟೆಗಳು. ಇವತ್ತಿಗೆ ಒಂಬತ್ತು ದಿನ.