ಉಜ್ಜಿದರೆ ಮೂಡುವ ಅಕ್ಷರ

ಸ್ಲೇಟಿನ ಮೇಲಿನ ಅಕ್ಷರ ಉಜ್ಜಿದರೆ ಅಳಿಸಿಹೋಗುತ್ತದೆ. ಡ್ರೈ ಟ್ರಾನ್ಸ್‌ಫರ್ ಹಾಳೆಯದು ಉಲ್ಟಾ ಲೆಕ್ಕ, ಉಜ್ಜಿದರೇ ಅಕ್ಷರ. ಪಾರದರ್ಶಕ ಹಾಳೆಯನ್ನು ಬೇಕಾದ ಜಾಗದಲ್ಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಅಕ್ಷರದ ಮೇಲೆ ಒಂದೇ ಸಮ ಉಜ್ಜಬೇಕು. ಕಡುಗಪ್ಪಗಿದ್ದದ್ದು ಕೊಂಚ ಬೂದುಬಣ್ಣಕ್ಕೆ ತಿರುಗಿತೆಂದರೆ ಹಾಳೆಯ ಕೈ ಬಿಟ್ಟಿತು ಎಂದರ್ಥ. ಮೂಲೆ ಹಿಡಿದು ಮೆಲ್ಲಗೆ ಎತ್ತಿದರೆ ಹಾಳೆ ಮೇಲೆ ಬರುತ್ತದೆ, ಅಕ್ಷರ ಕೆಳಗೇ ಕೂತಿರುತ್ತದೆ. ನೀರು ಬೇಡ, ಬಿಸಿ ಬೇಡ, ಒಣಗಲಿ ಎಂದು ಕಾಯುವುದೂ ಬೇಡ.

ಲಂಡನ್ನಿನ ಲೆಟ್ರಾಸೆಟ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು 1961ರಲ್ಲಿ. ನಕ್ಷೆ ಬರೆಯುವವರಿಗೂ ಜಾಹೀರಾತಿನವರಿಗೂ ಅದು ಎಷ್ಟು ಒಗ್ಗಿತೆಂದರೆ, ಡಾಲ್ಡಾ, ಜೆರಾಕ್ಸ್‌ಗಳ ಹಾಗೆ ಬ್ರ್ಯಾಂಡಿನ ಹೆಸರೇ ವಸ್ತುವಿನ ಹೆಸರಾಯಿತು. ಇಂಗ್ಲಿಷಿನಲ್ಲಿ ಹೆಚ್ಚು ಖರ್ಚಾಗುವ 'ಇ' ಮೊದಲು ಮುಗಿದುಹೋದರೆ, 'ಎಫ್'ಗೆ ಒಂದು ಅಡ್ಡಗೆರೆ ಸೇರಿಸಿ 'ಇ' ಮಾಡಿಕೊಳ್ಳುವ ಜಾಣತನವೂ ಹುಟ್ಟಿತು. ಕಂಪ್ಯೂಟರ್ ಬಂದ ಮೇಲೆ ಆ ಸಿದ್ಧ ಅಕ್ಷರಮಾಲೆಯ ಹಾಳೆಗಳ ಕಾಲ ಮುಗಿಯಿತು. ಉಳಿದದ್ದು ನಾವೇ ವಿನ್ಯಾಸ ಕೊಟ್ಟು ಮಾಡಿಸಿಕೊಳ್ಳುವ ಹಾಳೆ. ನನ್ನ ಪ್ರಕಾರ ಈ ತಂತ್ರದ ನಿಜವಾದ ಗಮ್ಮತ್ತು ಇರುವುದೇ ಅಲ್ಲಿ.

ಇದರ ಗುಟ್ಟು ಪದರಗಳ ಕ್ರಮದಲ್ಲಿದೆ. ವಿನ್ಯಾಸವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡುತ್ತಾರೆ. ಮೊದಲು ಬಣ್ಣ, ಅಗತ್ಯವಿದ್ದರೆ ಅದರ ಬೆನ್ನಿಗೆ ಬಿಳಿ, ಕಡೆಗೆ ಒತ್ತಿದರೆ ಹಿಡಿಯುವ ಅಂಟು. ಅಂಟಿಗೆ ಧೂಳು ಕೂರದಂತೆ ಜಾರುವ ಕಾಗದವೊಂದು ಕಾವಲು. ಉಜ್ಜಿದಾಗ ವಸ್ತುವಿನ ಮೇಲೆ ಉಳಿಯುವುದು ಬರೀ ಶಾಯಿ ಮತ್ತು ಅಂಟು.

ಸ್ಟಿಕ್ಕರಿಗೂ ಇದಕ್ಕೂ ಇರುವ ಅಂತರ ಅದೇ. ಸ್ಟಿಕ್ಕರ್ ಎಷ್ಟೇ ತೆಳ್ಳಗಿದ್ದರೂ ಅಂಚಿಗೆ ಉಗುರು ತಾಗುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಸುತ್ತ ಪಾರದರ್ಶಕ ಪೊರೆಯ ಹೊಳಪು ಕಾಣುತ್ತದೆ. ಇಲ್ಲಿ ಆ ಪೊರೆಯೇ ಇಲ್ಲ. ಮನೆಯ ಪ್ರಿಂಟರಿಗೆ ಸಾಮಾನ್ಯವಾಗಿ ಬಿಳಿ ಶಾಯಿ ಇರುವುದಿಲ್ಲ. ಇದರಲ್ಲಾದರೆ ಕಪ್ಪು ತಗಡಿನ ಮೇಲೆ ಅಚ್ಚ ಬಿಳಿ ಅಕ್ಷರ ಸಾಧ್ಯ. ಹಾಗಾಗಿ ಸಾವಿರಾರು ಬಾಟಲಿಗಳ ಮುದ್ರಣಕ್ಕೆ ಮೊದಲು ಗ್ರಾಹಕರಿಗೆ ತೋರಿಸುವ ಒಂದೇ ಒಂದು ಮಾದರಿ, ಮ್ಯೂಸಿಯಂನ ಗಾಜಿನ ಮೇಲಿನ ವಿವರಣೆ, ಆಟಿಕೆ ರೈಲಿನ ಬೋಗಿಯ ಮೇಲಿನ ಎಳ್ಳುಕಾಳಿನಷ್ಟು ನಂಬರು, ಎಲ್ಲಕ್ಕೂ ಇದು ಒದಗಿಬರುತ್ತದೆ. ಹಿಂದೆ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ತಾಮ್ರದ ಹಾಳೆಯ ಮೇಲೆ ಸರ್ಕ್ಯೂಟಿನ ಚುಕ್ಕಿ, ಗೆರೆಗಳನ್ನು ಹೀಗೇ ಉಜ್ಜಿ, ಹಾಗೇ ತಾಮ್ರ ಕರಗಿಸುವ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಗೆರೆ ಮುಚ್ಚಿದಲ್ಲಿ ತಾಮ್ರ ಉಳಿದು ಮಿಕ್ಕದ್ದು ಕರಗುತ್ತಿತ್ತು.

ಕನ್ನಡಕ್ಕಂತೂ ಮಾಡಿಸಿದ ಹಾಳೆಯೇ ಸರಿ. ಇಪ್ಪತ್ತಾರು ಅಕ್ಷರದವರು ಬಿಡಿಬಿಡಿಯಾಗಿ ಉಜ್ಜಿಕೊಳ್ಳಬಹುದು. ಕಾಗುಣಿತ, ಒತ್ತಕ್ಷರಗಳ ನಮಗೆ 'ಸ್ತ್ರೀ' ಎಂಬ ಒಂದಕ್ಷರಕ್ಕೇ ಎಷ್ಟು ತುಂಡು ಜೋಡಿಸಬೇಕು! ಇಡೀ ಪದವೇ ಒಂದಾಗಿ ಬಂದರೆ ಒತ್ತು ಕಾಲುಜಾರುವ ಭಯವಿಲ್ಲ.

ಆದರೆ ಇದಕ್ಕೆ ತನ್ನದೇ ತೊಡಕುಗಳೂ ಇವೆ. ಸ್ಕ್ರೀನು ಹೂಡಿಸಬೇಕಾದ್ದರಿಂದ ಒಂದೆರಡು ಹಾಳೆಗೆ ದುಬಾರಿ. ಹಳೆಯದಾದರೆ ಅಂಟು ಒಣಗಿ, ಉಜ್ಜುವಾಗ ಅಕ್ಷರ ಬಿರಿಯುತ್ತದೆ. ನಾನೇ ಕೂಡಿಸಿದ ಆಂಪ್ಲಿಫೈಯರಿನ ಮುಂಭಾಗಕ್ಕೆ 'ಧ್ವನಿ' ಎಂದು ಉಜ್ಜಿದೆ, ಸೊಟ್ಟಗೆ ಕೂತಿತು. ಸೆಲ್ಲೋಟೇಪು ಒತ್ತಿ ಕಿತ್ತು ಇನ್ನೊಂದನ್ನು ನೆಟ್ಟಗೆ ಕೂರಿಸಿದೆ. ಗೀರು ಬೀಳದಿರಲಿ ಎಂದು ವಾರ್ನಿಷ್ ಸ್ಪ್ರೇ ಮಾಡಬೇಕಾದ್ದು ಸರಿಯೇ, ಆದರೆ ತೆಳ್ಳಗೆ, ನಾಲ್ಕಾರು ಸಲ. ನಾನು ಅವಸರದಲ್ಲಿ ಒಂದೇ ಸಲ ದಪ್ಪಗೆ ಹೊಡೆದೆ. ಅಕ್ಷರ ಹಾಲಿನ ಕೆನೆಯಂತೆ ಸುಕ್ಕಾಯಿತು. ಈಗ ಅಲ್ಲಿ ಏನು ಬರೆದಿದೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ.